ಡಿಲೀಟ್ ಮಾಡಿದ್ದು ಎಲ್ಲಿಗೆ ಹೋಗುತ್ತೆ?

ಫೈಲಿಗೆ ಕನ್ನಡದಲ್ಲಿ ‘ಕಡತ’ ಅಂತೀವಲ್ಲ, ಆ ಪದದ ಹಿಂದೆ ಒಂದು ಸ್ವಾರಸ್ಯ ಇದೆ. ಕಡತ ಅಂದರೆ ಮೂಲದಲ್ಲಿ ಕಾಗದದ ಕಟ್ಟಲ್ಲ, ಬಟ್ಟೆ. ಉದ್ದನೆಯ ಹತ್ತಿಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಕಲಸಿ ಎರಡೂ ಕಡೆ ಬಳಿದು, ಒಣಗಿಸಿ, ಪುಸ್ತಕದ ಹಾಗೆ ಮಡಿಚಿ ಇಡುತ್ತಿದ್ದರು. ಬರೆಯೋದು ಬಳಪದಲ್ಲಿ. ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಇದನ್ನು ಬಿಡಿಸಿ ಹೇಳಿದ್ದಾನೆ. ಶೃಂಗೇರಿ ಮಠದ ಕಡತಗಳಂತೂ ಇತಿಹಾಸ ಓದುವವರಿಗೆ ಗೊತ್ತೇ ಇವೆ. ಬೇಡವಾದ ಲೆಕ್ಕವನ್ನು ಉಜ್ಜಿ ಅಳಿಸಿ ಅದೇ ಜಾಗದಲ್ಲಿ ಹೊಸ ಲೆಕ್ಕ ಬರೆಯಬಹುದಿತ್ತು ಅನ್ನೋದೇ ಅದರ ಅನುಕೂಲ. ಉಜ್ಜಿದರೆ ಹೋಯಿತು, ಅಷ್ಟೇ.

ಕಂಪ್ಯೂಟರಿನ ಕಡತ ಹಾಗಲ್ಲ. ಅದನ್ನು ಅಳಿಸಿದರೆ ಅದು ಅಳಿಯೋದಿಲ್ಲ. ಈ ಮಾತು ಈಗ ಬಹಳ ಜನ ಕೇಳಿರ್ತಾರೆ, ಆದರೆ ಹಳೇ ಕಂಪ್ಯೂಟರನ್ನು ಎಕ್ಸ್‌ಚೇಂಜಿಗೆ ಕೊಡೋ ದಿನ ಯಾರಿಗೂ ನೆನಪಿರೋದಿಲ್ಲ. ಅಳಿಸೋದು ಹೇಗೆ ಅಂತ ಮನುಷ್ಯರು ಕಲಿತದ್ದಕ್ಕೆ ಸುಮಾರು ನಲವತ್ತು ವರ್ಷದ ಇತಿಹಾಸ ಇದೆ. ಅದರಲ್ಲಿ ಗೂಢಚಾರರು, ಪತ್ರಕರ್ತರು, ದೊಡ್ಡ ಬ್ಯಾಂಕುಗಳು ಎಲ್ಲಾ ಬರ್ತಾರೆ. ನನ್ನ ಸೋದರಮಾವನ ಹಳೇ ಡೆಸ್ಕ್‌ಟಾಪೂ ಬರುತ್ತೆ.

ಡಾಸ್ ಕಾಲದಿಂದ ಶುರುಮಾಡೋಣ. ಆಗ ‘ಡೆಲ್’ ಅಂತ ಟೈಪ್ ಮಾಡಿ ಎಂಟರ್ ಒತ್ತಿದರೆ ಡಾಸ್ ಮಾಡ್ತಿದ್ದದ್ದು ಇಷ್ಟೇ: ಫೈಲಿನ ಹೆಸರಿನ ಮೊದಲ ಅಕ್ಷರದ ಜಾಗಕ್ಕೆ ಒಂದು ಗುರುತು ಹಾಕೋದು, ಆ ಫೈಲು ಕೂತಿದ್ದ ಜಾಗವನ್ನು ‘ಖಾಲಿ’ ಅಂತ ಪಟ್ಟಿಯಲ್ಲಿ ಬರೆದುಕೊಳ್ಳೋದು. ಪಂಚಾಯ್ತಿ ರಿಜಿಸ್ಟರಿನಲ್ಲಿ ಹೆಸರಿಗೆ ಗೀಟು ಎಳೆದು ‘ಖಾಲಿ ನಿವೇಶನ’ ಅಂತ ಬರೆದ ಹಾಗೆ. ಮನೆ ಅಲ್ಲೇ ಇದೆ, ಒಳಗಿನ ಪಾತ್ರೆಪಡಗವೂ ಇದೆ. ಇನ್ನೊಬ್ಬ ಬಂದು ಕೆಡವಿ ಹೊಸ ಮನೆ ಕಟ್ಟೋವರೆಗೂ ಅದು ಹಾಗೇ ಇರುತ್ತೆ. ಪೀಟರ್ ನಾರ್ಟನ್ ಅನ್ನೋ ಅಮೆರಿಕದ ಪ್ರೋಗ್ರಾಮರ್ 1982ರಲ್ಲಿ ನಾರ್ಟನ್ ಯುಟಿಲಿಟೀಸ್ ತಂದಾಗ ಜನ ಮುಗಿಬಿದ್ದದ್ದು ಇದಕ್ಕೇ. ಅಳಿಸಿದ ಫೈಲನ್ನು ಅದು ವಾಪಸ್ ತಂದುಕೊಡುತ್ತಿತ್ತು. 1991ರ ಎಂಎಸ್-ಡಾಸ್ 5ರ ಹೊತ್ತಿಗೆ ಮೈಕ್ರೋಸಾಫ್ಟೇ ‘ಅನ್‌ಡಿಲೀಟ್’ ಅನ್ನೋ ಆಜ್ಞೆಯನ್ನು ಸೇರಿಸಿಬಿಟ್ಟಿತು. ಆಗಿನ ಚಿಂತೆ ಕಳೆದುಹೋದದ್ದನ್ನು ಹುಡುಕೋದು ಹೇಗೆ ಅಂತ. ಅಳಿಸಿದ್ದು ನಿಜವಾಗಿ ಅಳಿದಿದೆಯಾ ಅಂತ ಕೇಳುವವರು ಕಡಿಮೆ.

ಕೇಳಬೇಕಾಗಿದ್ದವರು ಶ್ವೇತಭವನದಲ್ಲಿದ್ದರು. 1986ರ ನವೆಂಬರಿನಲ್ಲಿ ಇರಾನ್-ಕಾಂಟ್ರಾ ಹಗರಣ ಹೊರಬೀಳುತ್ತಿದ್ದ ಹಾಗೇ ರಾಷ್ಟ್ರೀಯ ಭದ್ರತಾ ಮಂಡಳಿಯ ಜಾನ್ ಪಾಯಿಂಡೆಕ್ಸ್‌ಟರ್ ಮತ್ತು ಆಲಿವರ್ ನಾರ್ತ್ ತಮ್ಮ ಇಮೇಲುಗಳನ್ನು ಕೂತು ಅಳಿಸಿದರು. ಪಾಯಿಂಡೆಕ್ಸ್‌ಟರ್ ಒಬ್ಬನೇ ಐದು ಸಾವಿರಕ್ಕೂ ಹೆಚ್ಚು ಸಂದೇಶಗಳನ್ನು ಅಳಿಸಿದ. ಐಬಿಎಂನ ‘ಪ್ರಾಫ್ಸ್’ ಅನ್ನೋ ಆ ವ್ಯವಸ್ಥೆಯ ಬ್ಯಾಕಪ್ ಟೇಪುಗಳು ಬೇರೆ ಕಡೆ ಇದ್ದವು. ತನಿಖೆ ನಡೆಸಿದವರು ಆ ಟೇಪುಗಳಿಂದ ಇಮೇಲುಗಳನ್ನು ಎತ್ತಿ ತೆಗೆದರು. ಮುಂದೆ ಅವೇ ಪುರಾವೆಯಾದವು. ಅಲ್ಲಿ ಡಿಸ್ಕನ್ನು ಎಷ್ಟೇ ಚೆನ್ನಾಗಿ ಉಜ್ಜಿದ್ದರೂ ಪ್ರಯೋಜನ ಇರಲಿಲ್ಲ, ಪ್ರತಿ ಇನ್ನೊಂದು ಕಡೆ ಇತ್ತು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಮತ್ತೆ ಬರುತ್ತೆ.

ಸರಿ, ಹಳೇ ಮನೆ ಕೆಡವಿ ಹೊಸ ಮನೆ ಕಟ್ಟಿದರೆ, ಅಂದರೆ ಅದೇ ಜಾಗದ ಮೇಲೆ ಬೇರೇನಾದರೂ ಬರೆದರೆ ಹಳೇದು ಹೋಗುತ್ತಲ್ಲ? ಇಲ್ಲಿ ಒಂದು ಅನುಮಾನ ಹುಟ್ಟಿತು. ಚರ್ಮದ ಹಾಳೆಯ ಮೇಲೆ ಬರೆದಿದ್ದ ಆರ್ಕಿಮಿಡೀಸನ ಗಣಿತವನ್ನು 1229ರಲ್ಲಿ ಒಬ್ಬ ಪಾದ್ರಿ ಕೆರೆದು ತೊಳೆದು ಅದರ ಮೇಲೆ ಪ್ರಾರ್ಥನೆ ಬರೆದಿದ್ದ. 1906ರಲ್ಲಿ ಹೈಬರ್ಗ್ ಅನ್ನೋ ವಿದ್ವಾಂಸ ಅದರ ಅಡಿಯ ಮಸುಕು ಅಕ್ಷರಗಳನ್ನು ಓದಿದ. ನಮ್ಮ ಕಾಲದಲ್ಲಿ ಎಕ್ಸ್-ರೇ ಹಾಕಿ ಇನ್ನಷ್ಟು ಓದಿದರು. ಏಳು ಎಂಟು ನೂರು ವರ್ಷದ ಕೆಳಗೆ ಅಳಿಸಿದ್ದೇ ಸಿಗುತ್ತೆ ಅಂದಮೇಲೆ ಹಾರ್ಡ್ ಡಿಸ್ಕಿನಲ್ಲೂ ಹಳೇ ಬರಹದ ಛಾಯೆ ಉಳಿದಿರಬಹುದಲ್ಲ?

ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ಪೀಟರ್ ಗುಟ್‌ಮನ್ 1996ರಲ್ಲಿ ಇದೇ ಪ್ರಶ್ನೆ ಇಟ್ಟುಕೊಂಡು ಒಂದು ಪ್ರಬಂಧ ಮಂಡಿಸಿದ. ಡಿಸ್ಕಿನ ಮೇಲೆ 0 ಇದ್ದ ಜಾಗದಲ್ಲಿ 1 ಬರೆದರೆ ಆ ಕಾಂತತೆ ಒಂದು ಚೂರು ಕಡಿಮೆ ಇರುತ್ತೆ, 1 ಇದ್ದ ಕಡೆಯೇ 1 ಬರೆದರೆ ಒಂದು ಚೂರು ಜಾಸ್ತಿ ಇರುತ್ತೆ, ವಿಶೇಷ ಸೂಕ್ಷ್ಮದರ್ಶಕ ಇದ್ದವರು ಆ ವ್ಯತ್ಯಾಸ ನೋಡಿ ಹಳೇದನ್ನು ಊಹಿಸಬಹುದು ಅನ್ನೋದು ಅವನ ವಾದ. ಅದಕ್ಕೆ ಪರಿಹಾರವಾಗಿ ಬೇರೆ ಬೇರೆ ವಿನ್ಯಾಸಗಳನ್ನು ಒಂದರ ಮೇಲೊಂದು 35 ಸಲ ಬರೆಯೋ ಪಟ್ಟಿ ಕೊಟ್ಟ. ಮೊದಲ 4 ಸಲ, ಕೊನೆಯ 4 ಸಲ ಯಾದೃಚ್ಛಿಕ ಅಂಕಿ. ನಡುವಿನ 27 ಆಗ ಬಳಕೆಯಲ್ಲಿದ್ದ ಬೇರೆ ಬೇರೆ ತರದ ಡಿಸ್ಕುಗಳಿಗೆ ತಕ್ಕ ಹಾಗೆ ಲೆಕ್ಕ ಹಾಕಿದ್ದು.

ಜನ ಆ ವಾದ ಬಿಟ್ಟು 35 ಅನ್ನೋ ಸಂಖ್ಯೆಯನ್ನು ಮಾತ್ರ ಹಿಡಕೊಂಡರು. ಅಳಿಸೋ ತಂತ್ರಾಂಶಗಳೆಲ್ಲ ‘ಗುಟ್‌ಮನ್ ವಿಧಾನ’ ಅಂತ ಒಂದು ಆಯ್ಕೆ ಇಟ್ಟವು. ಅಮೆರಿಕದ ರಕ್ಷಣಾ ಇಲಾಖೆಯ 1995ರ ಕೈಪಿಡಿಯ ಹೆಸರಿನಲ್ಲಿ 3 ಸಲ, 7 ಸಲದ ಆಯ್ಕೆಗಳೂ ಬಂದವು. ಹರಕೆ ಹೊತ್ತವರು ಪ್ರದಕ್ಷಿಣೆ ಲೆಕ್ಕ ಹಾಕ್ತಾರಲ್ಲ, ಹಾಗೆ. ಕೊನೆಗೆ ಗುಟ್‌ಮನ್‌ಗೇ ಸಾಕಾಗಿ, ಪ್ರಬಂಧಕ್ಕೆ ಒಂದು ಹಿನ್ನುಡಿ ಸೇರಿಸಿದ. ಯಾವ ಡಿಸ್ಕಿಗೂ ಆ 35ನ್ನೂ ಪೂರ್ತಿ ಮಾಡೋದರಲ್ಲಿ ಅರ್ಥ ಇಲ್ಲ, ಅದು ಎಲ್ಲಾ ತರದ ಡಿಸ್ಕುಗಳಿಗೂ ಸೇರಿಸಿ ಕೊಟ್ಟ ಪಟ್ಟಿ, ಜನ ಇದನ್ನು ಭೂತ ಬಿಡಿಸೋ ಮಂತ್ರ ಮಾಡಿಕೊಂಡಿದ್ದಾರೆ ಅನ್ನೋ ಅರ್ಥದಲ್ಲಿ ಬರೆದ. ಲೆಕ್ಕ ಹಾಕಿ ನೋಡಿ: 1 ಟೆರಾಬೈಟಿನ ಡಿಸ್ಕಿಗೆ ಸೆಕೆಂಡಿಗೆ 100 ಮೆಗಾಬೈಟ್ ವೇಗದಲ್ಲಿ ಒಂದು ಸಲ ಬರೆಯೋಕೆ ಸುಮಾರು ಮೂರು ಗಂಟೆ. 35 ಸಲ ಅಂದರೆ ನಾಲ್ಕು ದಿನ. ನಾಲ್ಕು ದಿನ ಕಂಪ್ಯೂಟರ್ ಹಚ್ಚಿಟ್ಟು ಕಾಯೋದಕ್ಕಿಂತ ಏನೂ ಮಾಡದೆ ಮಾರಿಬಿಡೋದೇ ವಾಸಿ ಅಂತ ಜನಕ್ಕೆ ಅನ್ನಿಸಿದರೆ ಆಶ್ಚರ್ಯ ಇಲ್ಲ.

ಜನ ಮಾಡ್ತಿದ್ದದ್ದೂ ಅದನ್ನೇ. ಎಂಐಟಿಯಲ್ಲಿ ಓದುತ್ತಿದ್ದ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾಟ್ 2000ದ ನವೆಂಬರಿನಿಂದ 2002ರ ಆಗಸ್ಟ್‌ವರೆಗೆ 158 ಹಳೇ ಹಾರ್ಡ್ ಡಿಸ್ಕುಗಳನ್ನು ಕೊಂಡರು. ಹೆಚ್ಚಿನವು ಈಬೇಯಲ್ಲಿ ಸಿಕ್ಕವು. 129 ಕೆಲಸ ಮಾಡ್ತಿದ್ದವು. ಅವುಗಳಲ್ಲಿ ಸರಿಯಾಗಿ ಅಳಿಸಿದ್ದವು ಎಷ್ಟು ಗೊತ್ತಾ? 12. ಉಳಿದವುಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡ್ ಸಂಖ್ಯೆಗಳು, ಖಾಸಗಿ ಪತ್ರಗಳು, ಕಾಯಿಲೆಯ ವಿವರಗಳು ಇದ್ದವು. ಒಂದು ಡಿಸ್ಕು ಇಲಿನಾಯ್ಸ್‌ನ ಒಂದು ಎಟಿಎಂನಿಂದ ಬಂದ ಹಾಗಿತ್ತು, ಖಾತೆ ಸಂಖ್ಯೆ, ಬ್ಯಾಲೆನ್ಸ್ ಸಮೇತ. ಎಷ್ಟೋ ಡಿಸ್ಕುಗಳನ್ನು ಮಾರಿದವರು ಫಾರ್ಮ್ಯಾಟ್ ಮಾಡಿದ್ದರು. ಕ್ವಿಕ್ ಫಾರ್ಮ್ಯಾಟ್ ಅಂದರೆ ಮೇಲೆ ಹೇಳಿದ ರಿಜಿಸ್ಟರನ್ನೇ ಹರಿದು ಹೊಸ ರಿಜಿಸ್ಟರ್ ಇಟ್ಟ ಹಾಗೆ, ಮನೆಗಳು ಹಾಗೇ ನಿಂತಿರುತ್ತವೆ. ಗುಟ್‌ಮನ್‌ನ ಸೂಕ್ಷ್ಮದರ್ಶಕದ ಭಯ ಎಲ್ಲೋ ಇತ್ತು. ನಿಜವಾದ ಅಪಾಯ ಸಂತೆಯಲ್ಲೇ ಮಾರಾಟಕ್ಕಿತ್ತು.

ಈ ಜಾಗಕ್ಕೆ ಬಂದದ್ದೇ ಡೇರಿಕ್ ಹಾರ್ನ್‌ನ ‘ಡೇರಿಕ್ಸ್ ಬೂಟ್ ಅಂಡ್ ನ್ಯೂಕ್’. ಬಳಸೋರ ಬಾಯಲ್ಲಿ ಡಿಬ್ಯಾನ್. ಅದರ ಉಪಾಯ ಸರಳ. ವಿಂಡೋಸ್ ಓಡುತ್ತಿರುವಾಗ ವಿಂಡೋಸ್ ಇರೋ ಡಿಸ್ಕನ್ನೇ ಅಳಿಸು ಅಂದರೆ ಅದು ಕೂತ ಕೊಂಬೆಯನ್ನು ಕಡಿದ ಹಾಗೆ, ಆಗೋದಿಲ್ಲ. ಅದಕ್ಕೆ ಒಂದು ಪುಟ್ಟ ಲಿನಕ್ಸನ್ನು ಫ್ಲಾಪಿಯಲ್ಲೋ ಸಿಡಿಯಲ್ಲೋ ಹಾಕಿ, ಕಂಪ್ಯೂಟರನ್ನು ಅದರಿಂದಲೇ ಶುರುಮಾಡೋದು. ಅದು ಪೂರ್ತಿಯಾಗಿ ರ್‍ಯಾಮಿನಲ್ಲಿ ಕೂತುಕೊಳ್ಳುತ್ತೆ, ಡಿಸ್ಕಿನ ಹಂಗು ಇರೋದಿಲ್ಲ. ಆಮೇಲೆ ಆ ತುದಿಯಿಂದ ಈ ತುದಿವರೆಗೆ ಬರೆದು ಮುಗಿಸೋದು. ‘ಆಟೋನ್ಯೂಕ್’ ಅಂತ ಟೈಪ್ ಮಾಡಿದರೆ ಕೇಳದೆಯೇ ಸಿಕ್ಕ ಡಿಸ್ಕುಗಳನ್ನೆಲ್ಲ ಒರೆಸಿಹಾಕುತ್ತಿತ್ತು. ಹುಷಾರಿಲ್ಲದವರಿಗೆ ಅದು ಅಪಾಯಕಾರಿ ಪದವೇ. 2012ರಲ್ಲಿ ಫಿನ್ಲೆಂಡಿನ ಬ್ಲಾಂಕೋ ಕಂಪನಿ ಡಿಬ್ಯಾನನ್ನು ಕೊಂಡುಕೊಂಡಿತು, 2015ರ ಆಚೆ ಅದು ಬೆಳೆಯಲಿಲ್ಲ. ಆದರೆ ಅದರ ಒಳಗಿನ ಅಳಿಸೋ ಪ್ರೋಗ್ರಾಮು ‘ಎನ್‌ವೈಪ್’ ಅನ್ನೋ ಹೆಸರಿನಲ್ಲಿ ಕವಲೊಡೆದು ಬದುಕಿಕೊಂಡಿತು. ಈಗ ಅದನ್ನು ಪೆನ್‌ಡ್ರೈವಿನಿಂದಲೇ ಓಡಿಸೋ ‘ಶ್ರೆಡ್‌ಓಎಸ್’ ಸಿಗುತ್ತೆ. ಕಾಸು ಕೊಡಬೇಕಾಗಿಲ್ಲ.

ಎಷ್ಟು ಸಲ ಬರೆಯಬೇಕು ಅನ್ನೋ ಜಗಳವೂ ಅಷ್ಟರಲ್ಲಿ ಇತ್ಯರ್ಥ ಆಗಿತ್ತು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2006ರ ತನ್ನ ಮಾರ್ಗಸೂಚಿಯಲ್ಲಿ, 2001ರಿಂದೀಚೆಗೆ ತಯಾರಾದ ಡಿಸ್ಕುಗಳಿಗೆ ಒಂದೇ ಸಲ ಪೂರ್ತಿ ಬರೆದರೆ ಸಾಕು ಅಂದಿತು. 2008ರ ಡಿಸೆಂಬರಿನಲ್ಲಿ ನಮ್ಮ ಪಕ್ಕದ ಹೈದರಾಬಾದಿನಲ್ಲೇ ನಡೆದ ಒಂದು ಮಾಹಿತಿ ಸುರಕ್ಷತಾ ಸಮ್ಮೇಳನದಲ್ಲಿ ಕ್ರೇಗ್ ರೈಟ್ ಮತ್ತು ಸಂಗಡಿಗರು ಸೂಕ್ಷ್ಮದರ್ಶಕ ಇಟ್ಟು ಪರೀಕ್ಷೆ ಮಾಡಿದ ಫಲಿತಾಂಶ ಮಂಡಿಸಿದರು. ಬಳಸಿದ ಡಿಸ್ಕಿನ ಮೇಲೆ ಒಂದು ಸಲ ಬರೆದಮೇಲೆ ಹಳೇ ಒಂದೇ ಒಂದು ಬಿಟ್ಟನ್ನು ಸರಿಯಾಗಿ ಹೇಳೋ ಸಾಧ್ಯತೆ ನಾಣ್ಯ ಚಿಮ್ಮಿ ಹೇಳೋದಕ್ಕಿಂತ ಅಷ್ಟೇನೂ ಮೇಲಲ್ಲ. ಒಂದು ಅಕ್ಷರಕ್ಕೆ ಎಂಟು ಬಿಟ್ಟು ಬೇಕು, ಒಂದು ಫೈಲಿಗೆ ಲಕ್ಷಗಟ್ಟಲೆ. ಎಂಟು ನಾಣ್ಯ ಸರಿಯಾಗಿ ಬೀಳೋದೇ ಕಷ್ಟ, ಇನ್ನು ಲಕ್ಷ ನಾಣ್ಯ? ಆರ್ಕಿಮಿಡೀಸನ ಚರ್ಮದ ಹಾಳೆಗೆ ಸಿಕ್ಕ ಪುನರ್ಜನ್ಮ ಈಗಿನ ಹಾರ್ಡ್ ಡಿಸ್ಕಿಗೆ ಇಲ್ಲ.

ನನ್ನ ಸೋದರಮಾವ ತಿಪಟೂರಿನಲ್ಲಿ ಟ್ಯಾಕ್ಸ್ ಪ್ರಾಕ್ಟೀಸ್ ಮಾಡ್ತಿದ್ದರು. ಕೊಬ್ಬರಿ ಮಂಡಿಯವರು, ಮೇಷ್ಟ್ರುಗಳು, ಒಂದಿಬ್ಬರು ಡಾಕ್ಟರು ಅವರ ಕಕ್ಷಿಗಾರರು. ಅವರು ತೀರಿಕೊಂಡು ವರ್ಷ ಕಳೆದ ಮೇಲೆ ಆಫೀಸ್ ರೂಮು ಖಾಲಿ ಮಾಡುವಾಗ ಹಳೇ ಡೆಸ್ಕ್‌ಟಾಪಿನ ಪ್ರಶ್ನೆ ಬಂತು. ಮಾವನ ಮಗ ಅದನ್ನು ಪರಿಚಯದ ಹುಡುಗನೊಬ್ಬನಿಗೆ ಕೊಡೋದಾಗಿ ಮಾತಾಡಿದ್ದ.

“ಎಲ್ಲಾ ಡಿಲೀಟ್ ಮಾಡಿ, ಫಾರ್ಮ್ಯಾಟೂ ಹೊಡ್ದಿದೀನಿ ಭಾವ. ಪೂರ್ತಿ ಕ್ಲೀನು” ಅಂದ.

ನಾನು ವಾದ ಮಾಡಲಿಲ್ಲ. ಫೋಟೋರೆಕ್ ಅನ್ನೋ ಉಚಿತ ಪ್ರೋಗ್ರಾಮು ಇದೆ, ಅಳಿಸಿಹೋದ ಫೈಲುಗಳನ್ನು ಹುಡುಕೋದೇ ಅದರ ಕಸುಬು. ಡಿಸ್ಕನ್ನು ಬಿಚ್ಚಿ ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಅದನ್ನು ಓಡಿಸಿದೆ. ಊಟ ಮುಗಿಸಿ ಬರೋಷ್ಟರಲ್ಲಿ ಸಾವಿರಗಟ್ಟಲೆ ಫೈಲು ಬಂದು ಕೂತಿದ್ದವು. ಪ್ಯಾನ್ ಕಾರ್ಡಿನ ಸ್ಕ್ಯಾನು, ಬ್ಯಾಂಕ್ ಪಾಸ್‌ಬುಕ್ಕಿನ ಪುಟ, ಫಾರಂ 16, ಗಂಡ ಹೆಂಡತಿ ಆಸ್ತಿ ಭಾಗ ಮಾಡಿಕೊಂಡ ಪತ್ರ. ಮಾವನ ಮಗ ನಾಲ್ಕೈದು ತೆಗೆದು ನೋಡಿ, ಇದು ಇಂಥವರದ್ದು, ಇದು ಇಂಥವರದ್ದು ಅಂತ ಗುರುತು ಹಿಡಿದ. ಆಮೇಲೆ ತಾನೇ, “ಬೇಡ, ನೋಡೋದು ಸರಿಯಲ್ಲ” ಅಂತ ಮುಚ್ಚಿದ. ನಾವಿಬ್ಬರೂ ಒಂದು ಕ್ಷಣ ಸುಮ್ಮನಿದ್ದೆವು. ಮಾವ ಯಾರ ಲೆಕ್ಕವನ್ನೂ ಮನೆಯಲ್ಲಿ ಬಾಯಿ ಬಿಟ್ಟವರಲ್ಲ. ಅವರು ಹೋದ ಮೇಲೆ ಅವರ ಡಿಸ್ಕು ಎಲ್ಲವನ್ನೂ ಹೇಳೋಕೆ ತಯಾರಾಗಿ ಕೂತಿತ್ತು.

ಅತ್ತೆಯ ಕಷ್ಟ ಬೇರೆ. “ಎಲ್ಲಾನೂ ಹೋಗಿಬಿಡುತ್ತೇನೋ? ಅವರದ್ದು ಅಂತ ಏನೂ ಉಳಿಯಲ್ವಾ?” ಅಂದರು. ನ್ಯಾಯವಾದ ಪ್ರಶ್ನೆ. ಅಳಿಸೋದು ಎಷ್ಟು ಪಕ್ಕಾ ಆಗುತ್ತೋ ಪಶ್ಚಾತ್ತಾಪಕ್ಕೆ ಅಷ್ಟು ಜಾಗ ಇರೋದಿಲ್ಲ. ಅದಕ್ಕೆ ಎರಡು ದಿನ ತಗೊಂಡೆವು. ವಾಪಸ್ ಬಂದ ಫೈಲುಗಳಲ್ಲಿ ಮನೆಯ ಫೋಟೋಗಳನ್ನು ಮಾತ್ರ ಆರಿಸಿದೆವು. ಅರಸೀಕೆರೆಯ ಮದುವೆಯದ್ದು, ಅತ್ತೆ ಮಾವ ಹಂಪಿಗೆ ಹೋದಾಗಿನದ್ದು. ಅವನ್ನು ಎರಡು ಕಡೆ ಕಾಪಿ ಮಾಡಿದೆವು. ನನ್ನ ಲ್ಯಾಪ್‌ಟಾಪಿಗೆ ಬಂದಿದ್ದ ಉಳಿದ ಫೈಲುಗಳ ಜಾಗವನ್ನೂ ಆಮೇಲೆ ಪೂರ್ತಿ ಒರೆಸಿದೆ. ಕಕ್ಷಿಗಾರರ ಯಾವ ಕಾಗದವೂ ನಮ್ಮ ಹತ್ತಿರ ಉಳಿಯಲಿಲ್ಲ.

ಆಮೇಲಿನ ಕೆಲಸ ಸುಲಭ. ಪೆನ್‌ಡ್ರೈವಿಗೆ ಶ್ರೆಡ್‌ಓಎಸ್ ಬರೆದು, ಡೆಸ್ಕ್‌ಟಾಪಿಗೆ ಹಾಕಿ, ಶುರುವಾಗುವಾಗ ಬೂಟ್ ಮೆನುವಿನಿಂದ ಅದನ್ನು ಆರಿಸಿದೆ. ಪರದೆ ಮೇಲೆ ಡಿಸ್ಕುಗಳ ಪಟ್ಟಿ ಬಂತು. ಇಲ್ಲಿ ಒಂದೇ ಒಂದು ಎಚ್ಚರ: ಅಳಿಸಬಾರದ ಡಿಸ್ಕು ಯಾವುದೂ ಸಿಕ್ಕಿಸಿರಬಾರದು, ಮಾಡೆಲ್ ಮತ್ತು ಸೀರಿಯಲ್ ನಂಬರನ್ನು ಲೇಬಲ್ಲಿನ ಜೊತೆ ತಾಳೆ ನೋಡಬೇಕು. ಒಂದು ಸುತ್ತು ಸೊನ್ನೆ, ಆಮೇಲೆ ಬರೆದದ್ದನ್ನು ಓದಿ ಪರೀಕ್ಷಿಸೋ ಸುತ್ತು. 320 ಗಿಗಾಬೈಟಿನ ಡಿಸ್ಕು, ಎರಡೂವರೆ ಗಂಟೆಯೊಳಗೆ ಮುಗೀತು. ಪಕ್ಕದಲ್ಲಿ ಕೂತು ಅಂಕಿ ಏರೋದನ್ನೇ ನೋಡ್ತಿದ್ದ ಮಾವನ ಮಗ ಕೊನೆಗೆ, ಮತ್ತೆ ಫೋಟೋರೆಕ್ ಓಡಿಸೋಣ ಅಂದ. ಓಡಿಸಿದೆವು. ಒಂದೂ ಫೈಲು ಬರಲಿಲ್ಲ.

ಆ ಡೆಸ್ಕ್‌ಟಾಪಿನಲ್ಲಿ ಇದ್ದದ್ದು ತಟ್ಟೆ ತಿರುಗೋ ಹಳೇ ಹಾರ್ಡ್ ಡಿಸ್ಕು, ಹಾಗಾಗಿ ಕಥೆ ಇಷ್ಟು ಸಲೀಸು. ಈಗಿನ ಲ್ಯಾಪ್‌ಟಾಪುಗಳಲ್ಲಿರೋ ಎಸ್‌ಎಸ್‌ಡಿಯ ಸ್ವಭಾವವೇ ಬೇರೆ. ಅದರಲ್ಲಿ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬರೆದರೆ ಆ ಜಾಗ ಸವೆದುಹೋಗುತ್ತೆ ಅಂತ ಒಳಗಿನ ಕಂಟ್ರೋಲರು ಬರಹವನ್ನು ಬೇರೆ ಬೇರೆ ಕಡೆ ಹಂಚುತ್ತಾ ಇರುತ್ತೆ. ನೀವು ‘ಇಲ್ಲಿ ಸೊನ್ನೆ ಬರಿ’ ಅಂದರೆ ಅದು ಇನ್ನೆಲ್ಲೋ ಬರೆದು ‘ಬರೆದೆ’ ಅನ್ನುತ್ತೆ. ಹಳೇದು ಹೊರಗಿನವರಿಗೆ ಕಾಣದ ಮೂಲೆಯಲ್ಲಿ ಇದ್ದರೂ ಇರಬಹುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೋ ಕ್ಯಾಂಪಸ್ಸಿನ ಮೈಕೆಲ್ ವೇ ಮತ್ತು ಸಂಗಡಿಗರು 2011ರಲ್ಲಿ ಚಿಪ್ಪುಗಳನ್ನೇ ನೇರವಾಗಿ ಓದಿ ಪರೀಕ್ಷೆ ಮಾಡಿದರು. ಒಂದೊಂದೇ ಫೈಲನ್ನು ಅಳಿಸೋ ವಿಧಾನಗಳು ಎಸ್‌ಎಸ್‌ಡಿಯಲ್ಲಿ ಶೇಕಡಾ 4ರಿಂದ 75ರವರೆಗೆ ಹಳೇ ಮಾಹಿತಿ ಉಳಿಸಿದ್ದವು. ಡ್ರೈವಿನೊಳಗೇ ಇರೋ ‘ಸೆಕ್ಯೂರ್ ಎರೇಸ್’ ಆಜ್ಞೆಯಾದರೂ ಸರಿ ಇದೆಯಾ ಅಂತ ನೋಡಿದರೆ, ಕೆಲವು ಕಂಪನಿಗಳು ಅದನ್ನು ಸರಿಯಾಗಿ ಅಳವಡಿಸಿಯೇ ಇರಲಿಲ್ಲ. ಒಂದು ಡ್ರೈವಂತೂ ಅಳಿಸಿದೆ ಅಂತ ವರದಿ ಕೊಟ್ಟು ಮಾಹಿತಿಯನ್ನು ಹಾಗೇ ಇಟ್ಟುಕೊಂಡಿತ್ತು.

ಆ ಆಜ್ಞೆಗಳು ಈಗ ಎಷ್ಟೋ ಸುಧಾರಿಸಿವೆ. ಎಸ್‌ಎಸ್‌ಡಿಗೆ ಪೆನ್‌ಡ್ರೈವಿನ ಲಿನಕ್ಸಿನಿಂದಲೋ, ಡ್ರೈವ್ ಕಂಪನಿಯ ತಂತ್ರಾಂಶದಿಂದಲೋ, ಕೆಲವು ಲ್ಯಾಪ್‌ಟಾಪುಗಳ ಬಯಾಸಿನಿಂದಲೋ ಆ ಒಳಗಿನ ಆಜ್ಞೆಯನ್ನೇ ಕೊಡಬೇಕು. ಇನ್ನೂ ಒಳ್ಳೇ ದಾರಿ, ಕಂಪ್ಯೂಟರ್ ಕೊಂಡ ದಿನವೇ ಡ್ರೈವನ್ನು ಎನ್‌ಕ್ರಿಪ್ಟ್ ಮಾಡೋದು. ಆಗ ಒಳಗಿರೋದೆಲ್ಲ ಬೀಗ ಹಾಕಿದ ಪೆಟ್ಟಿಗೆ. ಮಾರುವಾಗ ಬೀಗದ ಕೈಯನ್ನು ನಾಶ ಮಾಡಿದರೆ ಆಯಿತು, ಉಳಿದದ್ದು ಯಾರಿಗೂ ಅರ್ಥವಾಗದ ಅಂಕಿಗಳ ರಾಶಿ.

ಹಾಗಾದರೆ ಡ್ರಿಲ್ಲು ಹಾಕಿ ಪುಡಿ ಮಾಡೋದೇ ಒಳ್ಳೇದಲ್ವಾ ಅಂತ ಕೇಳುವವರಿದ್ದಾರೆ. 2013ರ ಜುಲೈ 20ರಂದು ಲಂಡನ್ನಿನ ಗಾರ್ಡಿಯನ್ ಪತ್ರಿಕೆಯ ನೆಲಮಾಳಿಗೆಯಲ್ಲಿ ಅದೇ ನಡೆಯಿತು. ಎಡ್ವರ್ಡ್ ಸ್ನೋಡೆನ್ ಕೊಟ್ಟ ಕಡತಗಳಿದ್ದ ಕಂಪ್ಯೂಟರುಗಳನ್ನು ಪತ್ರಿಕೆಯ ಸಿಬ್ಬಂದಿಯೇ ಆ್ಯಂಗಲ್ ಗ್ರೈಂಡರು, ಡ್ರಿಲ್ಲುಗಳಿಂದ ಪುಡಿ ಮಾಡಿದರು. ಬ್ರಿಟನ್ನಿನ ಗೂಢಚಾರ ಸಂಸ್ಥೆಯ ಇಬ್ಬರು ಪಕ್ಕದಲ್ಲಿ ನಿಂತು ನೋಡಿದರು. ಅದೇ ಕಡತಗಳ ಪ್ರತಿಗಳು ಬ್ರಿಟನ್ನಿನ ಹೊರಗೆ ಇವೆ ಅಂತ ಸಂಪಾದಕ ಅಲನ್ ರಸ್‌ಬ್ರಿಜರ್ ಸರ್ಕಾರಕ್ಕೆ ಮೊದಲೇ ಹೇಳಿದ್ದ. ವರದಿಗಳು ಬರೋದು ನಿಲ್ಲಲಿಲ್ಲ. 1986ರ ಟೇಪಿನ ಪಾಠವೇ ಮತ್ತೆ. ಡಿಸ್ಕು ಹೋದ ಮಾತ್ರಕ್ಕೆ ಮಾಹಿತಿ ಹೋಗೋದಿಲ್ಲ. ಕೆಲಸ ಮಾಡೋ ಡಿಸ್ಕನ್ನು ಪುಡಿ ಮಾಡಿದರೆ ನಷ್ಟವೂ ಇದೆ. ಒರೆಸಿ ಕೊಟ್ಟರೆ ಇನ್ನೊಬ್ಬ ಹುಡುಗ ಅದರಲ್ಲಿ ಓದಿಕೊಳ್ತಾನೆ. ಪುಡಿ ಮಾಡಿದರೆ ಅದು ಇ-ಕಸ.

ಈ ಇತಿಹಾಸವನ್ನು ಒಟ್ಟಿಗೆ ನೋಡಿದಾಗ ನನಗೆ ಕಾಣೋದು ಒಂದೇ. ಸೂಕ್ಷ್ಮದರ್ಶಕ ಹಿಡಿದ ಶತ್ರುವಿನಿಂದ ಯಾರಿಗೂ ತೊಂದರೆ ಆದ ಹಾಗಿಲ್ಲ. ತೊಂದರೆ ಆದದ್ದು ‘ಆಯಿತು’ ಅನ್ನೋ ಮಾತನ್ನು ಪರೀಕ್ಷೆ ಮಾಡದೆ ನಂಬಿದ್ದರಿಂದ. ಮಾರ್ಗನ್ ಸ್ಟಾನ್ಲಿ 2016ರಲ್ಲಿ ತನ್ನ ಡೇಟಾ ಸೆಂಟರಿನ ಹಳೇ ಯಂತ್ರಗಳನ್ನು ತೆಗೆಸೋ ಕೆಲಸವನ್ನು ಮಾಹಿತಿ ಅಳಿಸೋ ಅನುಭವವೇ ಇಲ್ಲದ ಒಂದು ಸಾಮಾನು ಸಾಗಿಸೋ ಕಂಪನಿಗೆ ವಹಿಸಿತ್ತು. ಗ್ರಾಹಕರ ಮಾಹಿತಿ ತುಂಬಿದ್ದ ಡಿಸ್ಕುಗಳು ಕೊನೆಗೆ ಹರಾಜಿನ ಜಾಲತಾಣವೊಂದರಲ್ಲಿ ಮಾರಾಟವಾದವು. ಕೊಂಡವನೊಬ್ಬ ತಾನೇ ಕಂಪನಿಗೆ ಇಮೇಲ್ ಬರೆದು, ನಿಮ್ಮ ಮಾಹಿತಿ ನನ್ನ ಹತ್ತಿರ ಇದೆ ಅಂತ ತಿಳಿಸಿದ. 2022ರಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕರು 3.5 ಕೋಟಿ ಡಾಲರ್ ದಂಡ ಹಾಕಿದರು. ಗಾರ್ಫಿಂಕೆಲ್ 158 ಡಿಸ್ಕು ಕೊಂಡು ಇಪ್ಪತ್ತು ವರ್ಷ ಆಗಿತ್ತು. ಅಳಿಸೋ ಸಾಧನ ಆಗಲೂ ಉಚಿತವಾಗಿ ಸಿಗುತ್ತಿತ್ತು.

ನಮ್ಮಲ್ಲಿ 2023ರಲ್ಲಿ ಆದ ವೈಯಕ್ತಿಕ ಡಿಜಿಟಲ್ ದತ್ತಾಂಶ ಕಾಯ್ದೆ, ಉದ್ದೇಶ ಮುಗಿದ ಮೇಲೆ ಜನರ ಮಾಹಿತಿಯನ್ನು ಅಳಿಸಬೇಕು ಅನ್ನುತ್ತೆ. ಕಾಯ್ದೆ ದೊಡ್ಡ ಕಂಪನಿಗಳ ಹಿಂದೆ ಹೋಗಬಹುದು. ಊರಿನ ಆಡಿಟರ್ ಆಫೀಸು, ಫೋಟೋ ಸ್ಟುಡಿಯೋ, ಜೆರಾಕ್ಸ್ ಅಂಗಡಿ, ಕ್ಲಿನಿಕ್ಕು, ಸೈಬರ್ ಸೆಂಟರು, ಇವರೆಲ್ಲರ ಹಳೇ ಕಂಪ್ಯೂಟರಿನಲ್ಲಿ ನಮ್ಮ ನಿಮ್ಮ ಆಧಾರ್ ಕಾರ್ಡಿನ ಸ್ಕ್ಯಾನು ಇದೆ. ಅದನ್ನು ಗುಜರಿಗೆ ಹಾಕುವಾಗ ಯಾವ ಇನ್ಸ್‌ಪೆಕ್ಟರೂ ಬಂದು ನೋಡೋದಿಲ್ಲ. ನಿಮ್ಮ ಬೀದಿಯ ಜೆರಾಕ್ಸ್ ಅಂಗಡಿಯವರು ಹೊಸ ಕಂಪ್ಯೂಟರ್ ತಂದದ್ದು ಕಂಡರೆ, ಹಳೇದನ್ನು ಏನು ಮಾಡಿದಿರಿ ಅಂತ ಒಂದು ಮಾತು ಕೇಳಿ. ಹೇಗೆ ಅಳಿಸೋದು ಅಂತ ಅವರಿಗೆ ಗೊತ್ತಿಲ್ಲದಿದ್ದರೆ ಒಂದು ಪೆನ್‌ಡ್ರೈವ್ ಜೇಬಿನಲ್ಲಿಟ್ಟುಕೊಂಡು ಹೋಗಿ. ಅರ್ಧ ದಿನದ ಕೆಲಸ. ಕೊನೆಯಲ್ಲಿ ಪರೀಕ್ಷೆ ಮಾಡೋದನ್ನು ಮಾತ್ರ ಬಿಡಬೇಡಿ.